ಬೊಂಬೆ ಒಲ್ಲದ ಮಗಳು

ಹೆರಿಗೆಯಾದ ಕೂಡಲೇ ಎಲ್ಲರೂ ಕೇಳುವ ಮಾತು ಒಂದೇ, ಗಂಡೋ ಹೆಣ್ಣೋ ಎಂದು. ಹೇಮಾವತಿಯ ಚೊಚ್ಚಲ ಹೆರಿಗೆಯಲ್ಲಿ ಆ ಮಾತಿಗೆ ಉತ್ತರ ಹೇಳುವವರೇ ಇರಲಿಲ್ಲ. ಸಂಡೂರಿನ ಆಸ್ಪತ್ರೆಯಲ್ಲಿ ಕೂಸು ಹುಟ್ಟಿ ಚೆನ್ನಾಗಿಯೇ ಅತ್ತಿತು. ಒರೆಸಿ ಬಟ್ಟೆ ಸುತ್ತಲು ಹೋದ ನರ್ಸು ಕೈ ತಡೆದಳು. ಪಕ್ಕದವಳನ್ನು ಕರೆದಳು. ಇಬ್ಬರೂ ಸೇರಿ ಡಾಕ್ಟರನ್ನು ಕರೆದರು. ಕೂಸಿನ ಮರ್ಮಾಂಗ ಹೆಣ್ಣಿನದು ಎನ್ನಲೂ ಆಗದು, ಗಂಡಿನದು ಎನ್ನಲೂ ಆಗದು, ಹಾಗಿತ್ತು. ಡಾಕ್ಟರು ಬಹಳ ಹೊತ್ತು ನೋಡಿ, "ಈಗಲೇ ಏನೂ ಹೇಳೂದು ಬ್ಯಾಡ. ಬಳ್ಳಾರಿಗೆ ಹೋಗಿ ರಕ್ತ ತೋರಿಸ್ರಿ," ಎಂದರು.

ಹೊರಗೆ ಕಾಯುತ್ತಿದ್ದ ಗಂಡ ಹುಲಿಗೇಶನ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಗಣಿಯಲ್ಲಿ ಅವನ ಜೊತೆ ಟಿಪ್ಪರ್ ಓಡಿಸುವವರೆಲ್ಲ ಕೇಳುವವರೇ. ಅವನು "ಕೂಸು ಆರಾಮ ಐತಿ, ಬಾಣಂತಿ ಆರಾಮ ಅದಾಳ" ಎಂದಷ್ಟೇ ಹೇಳಿ ಫೋನು ಇಡುತ್ತಿದ್ದ. ಹಾಸಿಗೆಯ ಮೇಲೆ ಮಲಗಿದ್ದ ಹೇಮಾವತಿಗೆ ಅದು ಕೇಳಿಸುತ್ತಿತ್ತು. ತಾನು ಹೆತ್ತದ್ದೇನು ಎಂದು ತನಗೇ ತಿಳಿಯದೆ ಮೊಲೆಯೂಡಿಸುವುದು ಹೇಗೆ ಎಂದು ಅವಳಿಗೆ ಗಾಬರಿಯಾಯಿತು. ಆದರೆ ಕೂಸು ಬಾಯಿ ಹಾಕಿದಾಗ ಹಾಲೇನೋ ತಾನಾಗಿ ಇಳಿಯಿತು.

ದಾರಿ ಹುಡುಕಿದವಳು ಅತ್ತೆ ಗಾಳೆಮ್ಮ. ಅವಳು ಬರೀ ಅತ್ತೆಯಲ್ಲ, ಹೇಮಾವತಿಯ ತಂದೆಯ ಸ್ವಂತ ಅಕ್ಕ. ತಮ್ಮನ ಮನೆಯ ಹೆಣ್ಣನ್ನು ತನ್ನ ಮನೆಗೇ ತಂದುಕೊಂಡವಳು. "ಹೆಸರು ಪಂಪ ಅಂತ ಇಡೂಣು," ಎಂದಳು. "ಗಂಡಾದ್ರ ಪಂಪಾಪತಿ, ಹೆಣ್ಣಾದ್ರ ಪಂಪಾವತಿ. ಹಂಪಿಯೊಳಗ ಇಬ್ರೂ ಅದಾರ, ಯಾರು ಬರ್ತಾರ ಬರ್ಲಿ." ಕೇಳಲು ಬಂದ ನೆರೆಹೊರೆಯವರಿಗೆಲ್ಲ ಆ ಒಂದು ಹೆಸರಿನಲ್ಲೇ ಬಾಯಿ ಮುಚ್ಚಿಸಿದಳು.

ಬಳ್ಳಾರಿಗೆ ಹೋಗುವ ಮೊದಲೇ ಕೂಸು ವಾಂತಿ ಮಾಡತೊಡಗಿತು. ಹಾಲು ಕುಡಿದದ್ದೆಲ್ಲ ಹೊರಗೆ. ಮೈ ಸೊರಗಿ ಕಣ್ಣು ಒಳಗೆ ಹೋದವು. ಅದನ್ನು ನೋಡಿದ ಗಾಳೆಮ್ಮನ ಮುಖ ಬಿಳಿಚಿತು. "ನನ್ನ ಮೊದಲ್ನೇ ಮಗ ಹಿಂಗ ಕಕ್ಕಿ ಕಕ್ಕಿ ಹೋದ. ಹೊತ್ಕೊಂಡು ನಡೀರಿ," ಎಂದು ಮಗನನ್ನು ಎಬ್ಬಿಸಿದಳು.

ಬಳ್ಳಾರಿಯಲ್ಲಿ ನೋಡಿದವರು ಶೈಲಶ್ರೀ ಎಂಬ ಮಕ್ಕಳ ಡಾಕ್ಟರು. ರಕ್ತ ತೆಗೆದರು, ಹೊಟ್ಟೆಯ ಸ್ಕ್ಯಾನು ಮಾಡಿಸಿದರು, ಸಲೈನ್ ಹಚ್ಚಿ ಕೂಸನ್ನು ಉಳಿಸಿದರು. ರಿಪೋರ್ಟು ಬಂದ ಮೇಲೆ ಗಂಡ ಹೆಂಡತಿಯನ್ನು ಕೂರಿಸಿಕೊಂಡು ಹೇಳಿದರು. ಕೂಸು ಹೆಣ್ಣು. ಗರ್ಭಕೋಶ ಇದೆ, ಎಲ್ಲ ಇದೆ. ಆದರೆ ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಒಂದು ಗ್ರಂಥಿಯಲ್ಲಿ ದೋಷವಿದೆ. ಅದು ಮೈಗೆ ಕಸುವು ಕೊಡುವ, ಉಪ್ಪು ಹಿಡಿದಿಡುವ ರಸವನ್ನು ತಯಾರು ಮಾಡಲಾರದೆ, ಅದರ ಬದಲು ಗಂಡಸಿನ ರಸವನ್ನು ಹೆಚ್ಚಾಗಿ ತಯಾರು ಮಾಡಿಬಿಡುತ್ತದೆ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದು ಶುರುವಾಗಿರುತ್ತದೆ, ಅದಕ್ಕೇ ಹೊರಗಿನ ಭಾಗ ಹಾಗಾಗಿದೆ. ಬದುಕಿರುವ ತನಕ ಮಾತ್ರೆ ತಪ್ಪುವ ಹಾಗಿಲ್ಲ. ಆಪರೇಷನ್ನಿನ ಮಾತು ಈಗ ಬೇಡ, ಅವಳು ದೊಡ್ಡವಳಾಗಿ ತಾನೇ ತಿಳಿದುಕೊಂಡು ಹೇಳಲಿ.

ಹುಲಿಗೇಶ ಎಲ್ಲಕ್ಕೂ ತಲೆಯಾಡಿಸಿದ. ಹೇಮಾವತಿಯ ಕಿವಿಗೆ ಬಿದ್ದದ್ದು ಎರಡೇ ಮಾತು, ಹೆಣ್ಣು ಎಂಬುದು ಒಂದು, ಗಂಡಸಿನ ರಸ ಎಂಬುದು ಇನ್ನೊಂದು. ಒಂದು ಮೈಯಲ್ಲಿ ಎರಡೂ ಹೇಗೆ ಇರುತ್ತವೆ ಎಂದು ಕೇಳಬೇಕೆನಿಸಿತು. ಕೇಳಿದರೆ ದಡ್ಡಿ ಎಂದಾರು ಎಂದು ಸುಮ್ಮನಾದಳು. ಪಂಪಾವತಿ ಎಂಬ ಹೆಸರು ಗಟ್ಟಿಯಾಯಿತು. ಮನೆಯಲ್ಲಿ ಪಂಪಿ ಎಂದೇ ಕರೆದರು.

ಹೇಮಾವತಿ ಹುಟ್ಟಿದ್ದು ಕಂಪ್ಲಿಯಲ್ಲಿ. ಅಪ್ಪ ಜಂಬಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ. ಅವಳು ಚಿಕ್ಕವಳಿದ್ದಾಗ ಆ ಓಣಿಯಲ್ಲಿ ಬೊಂಬೆ ಮಾಡುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಹಳೆ ಸೀರೆಯ ಚೂರು, ಭತ್ತದ ಹೊಟ್ಟು, ಕರಿ ದಾರದ ಕೂದಲು, ಕುಂಕುಮದ ತುಟಿ. ಬೊಂಬೆಗೆ ಸೀಮಂತ ಮಾಡುತ್ತಿದ್ದಳು, ಬಾಣಂತನ ಮಾಡುತ್ತಿದ್ದಳು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ರಜೆಗೆ ತವರಿಗೆ ಬಂದ ಗಾಳೆಮ್ಮ ಅದನ್ನು ನೋಡಿಯೇ "ಈ ಹುಡುಗಿ ನನ್ನ ಮನಿಗೆ ಬರ್ಲಿ, ಮಕ್ಕಳನ್ನ ಛಂದ ನೋಡ್ಕೊಂತಾಳ" ಎಂದಿದ್ದಳಂತೆ. ಪಿಯುಸಿ ಮುಗಿದ ಮೇಲೆ ಮದುವೆಯಾಗಿ ಯಶವಂತನಗರಕ್ಕೆ ಬಂದಳು. ಕಂಪ್ಲಿಯ ಹಸಿರು ಗದ್ದೆ ನೋಡಿದ ಕಣ್ಣಿಗೆ ಇಲ್ಲಿನ ಕೆಂಪು ಬೇರೆಯೇ ಲೋಕವೆನಿಸಿತು. ಮನೆ ಮುಂದೆ ಅದಿರಿನ ಲಾರಿ ಹೋದರೆ ಒಣಹಾಕಿದ ಬಿಳಿ ಪಂಚೆಯೂ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಮಗಳೊಂದು ಹುಟ್ಟಲಿ, ಜೊತೆ ಕೂತು ಬೊಂಬೆ ಮಾಡಬಹುದು ಎಂಬ ಆಸೆ ಅವಳಿಗೆ ಆಗಿನಿಂದಲೂ ಇತ್ತು.

ಪಂಪಿ ಬೆಳೆದಳು. ಮಾತ್ರೆ ಪುಡಿ ಮಾಡಿ, ಉಪ್ಪು ಬೆರೆಸಿ, ಹೊತ್ತು ಹೊತ್ತಿಗೆ ಕುಡಿಸಿ ಅವಳನ್ನು ಬೆಳೆಸಿದ್ದು ಹೇಮಾವತಿಯೇ. ಸ್ನಾನಕ್ಕೆ ಬೇರೆ ಯಾರನ್ನೂ ಬಿಡುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ತಾನೇ ಎರೆಯುತ್ತಿದ್ದಳು. ಮಗು ನಗುಮುಖದ್ದು, ಗಟ್ಟಿ ಕೈಕಾಲಿನದು. ನಡೆಯಲು ಕಲಿತ ಮೇಲೆ ಅದು ಮೊದಲು ಹೋದದ್ದು ಅಪ್ಪನ ಚಪ್ಪಲಿಯ ಕಡೆ. ಆಮೇಲೆ ಪಕ್ಕದ ಮನೆ ವೆಂಕಟೇಶನ ಮಗನ ಪ್ಲಾಸ್ಟಿಕ್ ಟಿಪ್ಪರಿನ ಕಡೆ. ಹಳದಿ ಬಣ್ಣದ್ದು, ಹಿಂದಿನ ತೊಟ್ಟಿ ಎತ್ತಿದರೆ ಮಣ್ಣು ಸುರಿಯುವಂಥದ್ದು. ಅದನ್ನು ಹಿಡಿದರೆ ಪಂಪಿಗೆ ಊಟ ಬೇಡ, ನಿದ್ದೆ ಬೇಡ. ಕೆಮ್ಮಣ್ಣು ತುಂಬುವುದು, ಡುರ್ ಎಂದು ಬಾಯಲ್ಲಿ ಸದ್ದು ಮಾಡುತ್ತ ತಳ್ಳಿಕೊಂಡು ಹೋಗುವುದು, ಸುರಿಯುವುದು, ಮತ್ತೆ ತುಂಬುವುದು. ಹುಲಿಗೇಶ ಖುಷಿಪಟ್ಟು ಮರುವಾರವೇ ಅವಳಿಗೊಂದು ತಂದುಕೊಟ್ಟ.

"ಹೆಣ್ಣು ಕೂಸಿಗೆ ಇದೇನ್ರೀ ತಂದ್ರಿ?" ಎಂದಳು ಹೇಮಾವತಿ.

"ಅಪ್ಪ ಟಿಪ್ಪರ್ ಹೊಡಿಯಾಂವ. ಮಗಳು ವಿಮಾನ ಕೇಳಿಲ್ಲಲ್ಲ, ಪುಣ್ಯ," ಎಂದು ಅವನು ನಕ್ಕ.

ಹೇಮಾವತಿ ನಗಲಿಲ್ಲ. ಅವಳು ಹೊಸಪೇಟೆಗೆ ಹೋದಾಗ ಬಜಾರಿನಲ್ಲಿ ಹುಡುಕಿ ಹುಡುಕಿ ಕಣ್ಣು ಪಿಳುಕಿಸುವ ಬೊಂಬೆಯೊಂದನ್ನು ತಂದಳು. ಗುಲಾಬಿ ಫ್ರಾಕು, ಬಾಚಬಹುದಾದ ಕೂದಲು. ಪಂಪಿ ಡಬ್ಬಿ ಬಿಚ್ಚಿದಳು, ಬೊಂಬೆಯನ್ನು ಹೊರಗೆ ತೆಗೆದು ಅಜ್ಜಿಯ ಮಡಿಲಿಗೆ ಕೊಟ್ಟಳು. ಖಾಲಿ ಡಬ್ಬಿಯನ್ನು ಅಡ್ಡ ಮಲಗಿಸಿ ಟಿಪ್ಪರನ್ನು ಅದರೊಳಗೆ ಹಿಂದುಹಿಂದಾಗಿ ನಿಲ್ಲಿಸಿದಳು. "ಶೆಡ್ಡು," ಎಂದಳು.

ಗಾಳೆಮ್ಮ ಬೊಂಬೆಯನ್ನು ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕಳು. ಹೇಮಾವತಿ ಒಳಗೆ ಹೋಗಿ ರೊಟ್ಟಿ ಬಡಿಯುತ್ತ ಕೂತಳು. ಗಂಡಸಿನ ರಸ ಎಂದು ಡಾಕ್ಟರು ಅಂದ ಮಾತು ಆವತ್ತು ಮತ್ತೆ ತಲೆಗೆ ಬಂತು. ಬಂದದ್ದು ಹೋಗಲಿಲ್ಲ. ಮಗಳು ಹುಡುಗರ ಜೊತೆ ಗುದ್ದಾಡಿದರೆ ಅದು. ಮರ ಹತ್ತಿದರೆ ಅದು. ಜಡೆ ಹಾಕಲು ಕರೆದಾಗ ಓಡಿದರೆ ಅದು. ಪಕ್ಕದ ಓಣಿಯಲ್ಲಿ ಇನ್ನೊಬ್ಬ ಹುಡುಗಿಯೂ ಇದೇ ಕೆಮ್ಮಣ್ಣಿನಲ್ಲಿ ಇದೇ ಥರದ ಗಾಡಿ ತಳ್ಳುತ್ತಿದ್ದಳು, ಅವಳಿಗೆ ಯಾವ ರೋಗವೂ ಇರಲಿಲ್ಲ. ವೆಂಕಟೇಶನ ಮಗ ದಿನಕ್ಕೊಮ್ಮೆ ಬಂದು ಆ ಗುಲಾಬಿ ಬೊಂಬೆಗೆ ಹಾಲು ಕುಡಿಸಿ ಹೋಗುತ್ತಿದ್ದ. ಅದನ್ನೆಲ್ಲ ಹೇಮಾವತಿ ನೋಡುತ್ತಿದ್ದಳು. ನೋಡಿದರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅವರದು ಆಟ, ತನ್ನ ಮಗಳದು ಮಾತ್ರ ಲಕ್ಷಣ ಎಂದು ಅವಳಿಗೆ ತೋರುತ್ತಿತ್ತು.

ಪಂಪಿಗೆ ನಾಲ್ಕು ತುಂಬಿದ ಮೇಲೆ ಹೇಮಾವತಿಯ ತಮ್ಮ ವೀರೇಶ ಒಂದು ಭಾನುವಾರ ಬಂದ. ಹೊಸಪೇಟೆಯಲ್ಲಿ ಮೊಬೈಲ್ ಅಂಗಡಿಯಲ್ಲಿ ಕೆಲಸ, ಬೆಳಿಗ್ಗೆ ಸಂಜೆ ಜಿಮ್ಮು. ಅಂಗಿಯ ತೋಳು ಹರಿಯುವ ಹಾಗೆ ಮೈ ಬೆಳೆಸಿದ್ದ. ಅಕ್ಕ ಮಾತ್ರೆ ಪುಡಿ ಮಾಡುವುದನ್ನು ನೋಡಿ ಚೀಟಿಯ ಮೇಲಿನ ಹೆಸರನ್ನು ಫೋನಿನಲ್ಲಿ ಹುಡುಕಿದ.

"ಅಕ್ಕಾ, ಇದು ಸ್ಟಿರಾಯ್ಡ್ ಐತಲ್ಲ!"

"ಹಂಗಂದ್ರ ಏನಲೇ?"

"ನಮ್ಮ ಜಿಮ್ಮಿನ್ಯಾಗ ಹುಡುಗ್ರು ಕದ್ದು ತೊಗೊಂತಾರ, ಬಾಡಿ ಬರಾಕ. ಹೆಣ್ಮಕ್ಳು ತೊಗೊಂಡ್ರ ಮೀಸಿ ಬರ್ತಾವಂತ, ದನಿ ಗಂಡಸರ ಹಂಗ ಆಗ್ತದಂತ. ಕೂಸಿಗೆ ಯಾಕ ಕೊಡಾಕತ್ತೀರಿ ಇದನ್ನ?"

ವೀರೇಶ ಉಂಡು ತಿಂದು ಸಂಜೆ ಬಸ್ಸಿಗೆ ಹೋದ. ಅವನ ಮಾತು ಮನೆಯಲ್ಲೇ ಉಳಿಯಿತು. ಹೇಮಾವತಿಗೆ ಒಮ್ಮೆಲೇ ಎಲ್ಲವೂ ತಿಳಿದಂತಾಯಿತು, ತಿಳಿದದ್ದು ಎದೆ ಒಡೆಯುವಂಥದ್ದು. ಮಗಳನ್ನು ಹುಡುಗನ ಹಾಗೆ ಮಾಡುತ್ತಿರುವುದು ಈ ಮಾತ್ರೆ. ಕುಡಿಸುತ್ತಿರುವವಳು ತಾನು! ಗಂಡನಿಗೆ ಹೇಳಿದರೆ ಡಾಕ್ಟರಿಗೆ ಫೋನ್ ಮಾಡುತ್ತಾನೆ, ಡಾಕ್ಟರು ತಮ್ಮ ಔಷಧಿಯನ್ನು ತಾವೇ ಕೆಟ್ಟದ್ದು ಎನ್ನುತ್ತಾರೆಯೇ? ಅತ್ತೆಗೆ ಹೇಳುವಂತೆಯೇ ಇಲ್ಲ. ಆಟದ ವಿಷಯದಲ್ಲಿ "ಆಡ್ಲಿ ಬಿಡು, ಅಕಿ ಕೈ ಅಕಿ ಮಣ್ಣು" ಎನ್ನುವ ಗಾಳೆಮ್ಮ ಮಾತ್ರೆಯ ಹೊತ್ತು ಸ್ವಲ್ಪ ಮೀರಿದರೂ ಬೆಂಕಿಯಾಗುತ್ತಿದ್ದಳು. ಹಾಗಾಗಿ ಯಾರಿಗೂ ಹೇಳದೆ ಹೇಮಾವತಿ ಮಾತ್ರೆಯನ್ನು ಅರ್ಧ ಮಾಡಿದಳು. ಪೂರ್ತಿ ನಿಲ್ಲಿಸುವ ಧೈರ್ಯ ಬರಲಿಲ್ಲ. ಉಳಿದರ್ಧವನ್ನು ಬಚ್ಚಲ ನೀರಿಗೆ ಬಿಟ್ಟಳು.

ಆಮೇಲೆ ದಿನವೂ ಮಗಳನ್ನು ಕಾದು ನೋಡಿದಳು. ಒಂದು ಮಧ್ಯಾಹ್ನ ಪಂಪಿ ಬೊಂಬೆಯನ್ನು ಕೈಗೆತ್ತಿಕೊಂಡಳು. ಹೇಮಾವತಿಗೆ ಹಿಡಿಸಲಾರದಷ್ಟು ಸಂತೋಷ. ಮಗು ಬೊಂಬೆಯನ್ನು ಟಿಪ್ಪರಿನ ತೊಟ್ಟಿಯಲ್ಲಿ ಮಲಗಿಸಿ, ಮೇಲೆ ತನ್ನ ಲಂಗದ ತುದಿ ಹೊದಿಸಿ, ಮೆಲ್ಲಗೆ ತಳ್ಳುತ್ತ ಹೋಯಿತು. ಕಲ್ಲು ಬಂದ ಕಡೆ ನಿಧಾನ ಮಾಡಿತು. ಇದು ಬೊಂಬೆಯಾಟವೋ ಗಾಡಿಯಾಟವೋ? ಅರ್ಧ ಮಾತ್ರೆಯ ಗುಣವೋ, ಅಥವಾ ಸುಮ್ಮನೆ ಹೊತ್ತು ಹೋಗದ್ದಕ್ಕೋ? ಅವಳು ಹೊಸ್ತಿಲ ಮೇಲೆ ನಿಂತು ಎಷ್ಟು ನೋಡಿದರೂ ಬಗೆಹರಿಯಲಿಲ್ಲ. ಮುಂದಿನ ಕ್ಷಣದಲ್ಲಿ ಪಂಪಿ ತೊಟ್ಟಿ ಎತ್ತಿ ಬೊಂಬೆಯನ್ನು ಮಣ್ಣಿಗೆ ಸುರಿದಳು.

ಹಾಗೇ ಕೆಲವು ವಾರ ಕಳೆದವು. ಮಗು ಮೊದಲಿಗಿಂತ ಬೇಗ ದಣಿಯುತ್ತಿತ್ತು. ಹಸಿವು ಕಡಿಮೆಯಾಯಿತು, ಉಪ್ಪಿನಕಾಯಿಯ ಮೇಲೆ ಮಾತ್ರ ಬಲು ಆಸೆ. ಬಿಸಿಲಿನ ದೋಷ ಎಂದುಕೊಂಡಳು ಹೇಮಾವತಿ. ಆಮೇಲೆ ಓಣಿಯ ಮಕ್ಕಳಿಗೆಲ್ಲ ಬಂದ ಜ್ವರ ಪಂಪಿಗೂ ಬಂತು. ಜ್ವರ ಬಂದರೆ ಮಾತ್ರೆ ಹೆಚ್ಚು ಮಾಡಿ ಎಂದು ಶೈಲಶ್ರೀ ಪ್ರತಿ ಸಲವೂ ಹೇಳಿ ಕಳಿಸುತ್ತಿದ್ದರು. ಹೇಮಾವತಿಗೆ ನೆನಪಿತ್ತು. ಕೈ ಮಾತ್ರ ಮುಂದೆ ಬರಲಿಲ್ಲ. ಬೆಳಿಗ್ಗೆ ಮಗು ಗಂಜಿ ಕಕ್ಕಿತು, ನೀರು ಕಕ್ಕಿತು. ಹತ್ತು ಗಂಟೆಯ ಹೊತ್ತಿಗೆ ಕೈಕಾಲು ತಣ್ಣಗಾಗಿ, ಕರೆದರೆ ಅರೆಗಣ್ಣು ಮಾತ್ರ ತೆರೆಯುತ್ತಿತ್ತು.

ಮೊಮ್ಮಗಳನ್ನು ಎತ್ತಿಕೊಂಡ ಗಾಳೆಮ್ಮ ಅದರ ಕುತ್ತಿಗೆ ಮುಟ್ಟಿ ನೋಡಿ, "ಇದು ಬರೇ ಜ್ವರ ಅಲ್ಲ. ನನ್ನ ಮಗ ಹಿಂಗ ಆಗಿದ್ದ. ಆ ಸೂಜಿ ಡಬ್ಬಿ ತೊಗೋ, ಜಲ್ದಿ!" ಎಂದು ಕೂಗಿದಳು.

ತುರ್ತಿಗೆಂದು ಮನೆಯಲ್ಲಿ ಇಟ್ಟುಕೊಳ್ಳಲು ಡಾಕ್ಟರು ಕೊಟ್ಟಿದ್ದ ಇಂಜೆಕ್ಷನ್ನಿನ ಸೀಸೆ ಅದು, ಹಾಕಲು ಮಾತ್ರ ಅಲ್ಲಿದ್ದ ಯಾರಿಗೂ ಬರುತ್ತಿರಲಿಲ್ಲ. ಹುಲಿಗೇಶ ಶಿಫ್ಟಿನಲ್ಲಿದ್ದ. ವೆಂಕಟೇಶ ತನ್ನ ಆಟೋ ತೆಗೆದ. ಅದಿರಿನ ಲಾರಿಗಳ ಸಾಲಿನ ನಡುವೆ ನುಗ್ಗಿಸಿಕೊಂಡು ಸಂಡೂರಿಗೆ ಬಂದರು. ದಾರಿಯುದ್ದಕ್ಕೂ ಹೇಮಾವತಿ ಮಗಳ ಕಿವಿಯಲ್ಲಿ "ಪಂಪಿ, ಲಾರಿ ನೋಡು, ಎಷ್ಟು ಲಾರಿ ನೋಡು" ಎನ್ನುತ್ತಿದ್ದಳು. ಯಾವುದರ ಹೆಸರು ಹೇಳಿದರೆ ಮಗು ಕಣ್ಣು ಬಿಟ್ಟೀತು ಎಂದು ಅವಳು ಆಗ ಯೋಚಿಸಬೇಕಾಗಿ ಬರಲಿಲ್ಲ.

ಸಂಡೂರಿನ ಆಸ್ಪತ್ರೆಯಲ್ಲಿ ಗಾಳೆಮ್ಮ ಬಾಗಿಲಲ್ಲೇ "ಉಪ್ಪು ನಿಲ್ಲದ ರೋಗ ಐತ್ರಿ ಈ ಕೂಸಿಗೆ, ಈ ಸೂಜಿ ಹಾಕ್ರಿ ಮೊದಲು" ಎಂದಳು. ಡ್ಯೂಟಿ ಡಾಕ್ಟರು ಸೀಸೆ ನೋಡಿದವರೇ ಮಾತಾಡದೆ ಹಾಕಿದರು, ಸಲೈನ್ ಹಚ್ಚಿದರು, ಅಂಬ್ಯುಲೆನ್ಸಿನಲ್ಲಿ ಬಳ್ಳಾರಿಗೆ ಕಳಿಸಿದರು. ಮರುದಿನ ಪಂಪಿ ಎದ್ದು ಕೂತು ಉಪ್ಪಿಟ್ಟು ಕೇಳಿದಳು.

ಶೈಲಶ್ರೀ ಹುಲಿಗೇಶನನ್ನೂ ಹೇಮಾವತಿಯನ್ನೂ ಒಳಗೆ ಕರೆದರು. "ಮಾತ್ರೆ ಏನಾದರೂ ತಪ್ಪಿತ್ತೇನಮ್ಮ?" ಎಂದು ಕೇಳಿದರು.

"ಇಲ್ರೀ ಮೇಡಂ, ಒಂದು ಹೊತ್ತೂ ತಪ್ಪಿಸಿಲ್ಲ," ಎಂದ ಹುಲಿಗೇಶ.

"ಅರ್ಧ ಮಾಡಿದ್ದೆ," ಎಂದಳು ಹೇಮಾವತಿ. ಸ್ಟಿರಾಯ್ಡ್ ಅಂತ ತಮ್ಮ ಹೇಳಿದ್ದು, ಜಿಮ್ಮು, ಮೀಸೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹುಲಿಗೇಶ ಹೆಂಡತಿಯ ಕಡೆ ತಿರುಗಿ ನೋಡಿದ.

ಡಾಕ್ಟರು ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. "ನೋಡಮ್ಮ, ಸ್ಟಿರಾಯ್ಡ್ ಅನ್ನೋದು ಒಂದು ದೊಡ್ಡ ಮನೆತನದ ಹೆಸರು ಇದ್ದ ಹಾಗೆ. ಜಿಮ್ಮಿನವರು ತಗೊಳ್ಳೋದು ಬೇರೆ, ಇದು ಬೇರೆ. ಇದು ಅವಳ ಮೈ ತಾನೇ ಮಾಡ್ಕೋಬೇಕಿತ್ತು, ಮಾಡ್ಕೊಳ್ಳೋಕೆ ಬರಲ್ಲ, ಅದಕ್ಕೆ ಹೊರಗಿಂದ ಕೊಡ್ತೀವಿ. ಇನ್ನೊಂದು ಮಾತು. ಗಂಡಸಿನ ರಸ ಹೆಚ್ಚಾಗದ ಹಾಗೆ ತಡೆಯೋದೂ ಇದೇ ಮಾತ್ರೆ. ಅರ್ಧ ಮಾಡಿದರೆ ಅದು ಹೆಚ್ಚಾಗುತ್ತೆ, ಕಡಿಮೆ ಆಗಲ್ಲ."

ಯಾವುದಕ್ಕೆ ಹೆದರಿ ಹೀಗೆ ಮಾಡಿದ್ದಳೋ ಅದನ್ನೇ ಹೇಮಾವತಿ ತನ್ನ ಕೈಯಾರೆ ಮಾಡಿಕೊಂಡಿದ್ದಳು. "ಹಂಗಾದ್ರ ಮೇಡಂ, ಮಾತ್ರಿ ಸರಿಯಾಗಿ ಕೊಟ್ರ ಬೊಂಬಿ ಆಡ್ತಾಳೇನ್ರಿ?" ಎಂದಳು.

"ಅದು ಹೇಳೋಕೆ ಬರಲ್ಲ," ಎಂದರು ಡಾಕ್ಟರು. "ಇಂಥ ಹುಡುಗಿಯರ ಎದುರಿಗೆ ಬೊಂಬೆ, ಗಾಡಿ, ಪುಸ್ತಕ ಎಲ್ಲಾ ಇಟ್ಟು, ಯಾವುದರ ಜೊತೆ ಎಷ್ಟು ಹೊತ್ತು ಆಡ್ತಾರೆ ಅಂತ ನೋಡಿದವರಿದಾರೆ. ಈ ತೊಂದರೆ ಇಲ್ಲದ ಅಕ್ಕತಂಗಿಯರಿಗಿಂತ ಇವರು ಗಾಡಿಗಳ ಜೊತೆ ಹೆಚ್ಚು ಆಡಿದರು. ಅಪ್ಪ ಅಮ್ಮ ಬೊಂಬೆ ಕೊಟ್ಟು ಕೂರಿಸಿದರೂ ಅಷ್ಟೇ. ಹೊಟ್ಟೆಯಲ್ಲಿದ್ದಾಗ ಆ ರಸ ಮೆದುಳಿನ ಮೇಲೂ ಸ್ವಲ್ಪ ಕೆಲಸ ಮಾಡಿರುತ್ತೆ ಅಂತ ಅವರ ಅಂದಾಜು. ಅದು ಹುಟ್ಟೋಕೆ ಮೊದಲೇ ಆದದ್ದು, ಮಾತ್ರೆಯಿಂದ ಬಂದದ್ದೂ ಅಲ್ಲ, ಹೋಗೋದೂ ಅಲ್ಲ."

"ಎಲ್ಲಾ ಹುಡುಗ್ಯಾರೂ ಹಂಗೇನ್ರಿ?"

"ಇಲ್ಲ. ಗುಂಪಾಗಿ ನೋಡಿದರೆ ಹೆಚ್ಚು, ಅಷ್ಟೇ. ಬೊಂಬೆ ಇಷ್ಟಪಡೋರೂ ಇದಾರೆ. ಕೋತಿಗಳಿಗೂ ಆಟಿಕೆ ಕೊಟ್ಟು ನೋಡಿದಾರೆ. ಗಂಡು ಕೋತಿಗಳು ಗಾಲಿ ಇರೋದರ ಕಡೆ ಹೆಚ್ಚು ಹೋದವು ಅಂತ ಕೆಲವರು ಹೇಳ್ತಾರೆ, ಅದನ್ನ ಒಪ್ಪದವರೂ ಇದಾರೆ."

"ಅಲ್ರೀ ಮೇಡಂ, ನಮ್ಮ ಮನಿ ಮುಂದ ದಿನಾ ಹೋಗೂದೇ ಲಾರಿ. ಅಕಿ ಅಪ್ಪ ಹೊಡಿಯೂದೂ ಅದನ್ನ. ಅದರಿಂದ ಬಂದಿರಬಾರ್ದೇನ್ರಿ?"

"ಬಂದಿರಬಹುದು. ಇದು ಇಷ್ಟು, ಅದು ಅಷ್ಟು ಅಂತ ನಿಮ್ಮ ಮಗಳಲ್ಲಿ ಬೇರೆ ಮಾಡಿ ತೋರಿಸು ಅಂದರೆ ನನ್ನಿಂದ ಆಗಲ್ಲಮ್ಮ. ಯಾರಿಂದಲೂ ಆಗಲ್ಲ. ಮಾತ್ರೆ ಕೊಡೋದು ಜೀವಕ್ಕೆ. ಆಟಕ್ಕೂ ಅದಕ್ಕೂ ಗಂಟು ಹಾಕಬೇಡಿ."

ಹೊರಗೆ ಬಂದ ಮೇಲೆ ಹೇಮಾವತಿಗೆ ಮೊದಲಿಗಿಂತ ಹೆಚ್ಚು ಗೊತ್ತಾಗಿತ್ತು, ಮೊದಲಿಗಿಂತ ಹೆಚ್ಚು ಗೊಂದಲವೂ ಆಗಿತ್ತು. ಹೊಟ್ಟೆಯಲ್ಲೇ ಆದದ್ದು ಎಂದರೆ ತನ್ನ ಹೊಟ್ಟೆಯಲ್ಲೇ ತಾನೇ? ಹಾಗಾದರೆ ಕಂಪ್ಲಿಯಲ್ಲಿ ತಾನು ಬೊಂಬೆಗೆ ಬಾಣಂತನ ಮಾಡುತ್ತಿದ್ದದ್ದು ಯಾವ ರಸದಿಂದ? ಅದನ್ನು ಯಾರೂ ರಕ್ತ ತೆಗೆದು ನೋಡಿರಲಿಲ್ಲ. ಕಾರಿಡಾರಿನಲ್ಲಿ ಹುಲಿಗೇಶ ಮಾತ್ರೆಯ ಚೀಟಿಯನ್ನು ಮಡಚಿ ತನ್ನ ಜೇಬಿಗೆ ಇಟ್ಟುಕೊಂಡ. "ನನಗ ಒಂದು ಮಾತು ಹೇಳಬೇಕಿತ್ತು," ಎಂದ.

"ಹೇಳಿದ್ರ ನೀವು ನಗ್ತಿದ್ರಿ."

ಅಂದಿನಿಂದ ಸಂಜೆಯ ಮಾತ್ರೆಯನ್ನು ಅವನೇ ಕೊಡತೊಡಗಿದ. ನಂಬಿಕೆ ಹೋಗಿ ಹಾಗೆ ಮಾಡುತ್ತಿದ್ದಾನೋ, ತನ್ನ ಹೊರೆ ಇಳಿಸಲು ಮಾಡುತ್ತಿದ್ದಾನೋ ಎಂದು ಹೇಮಾವತಿ ಕೇಳಲಿಲ್ಲ. ಗಾಳೆಮ್ಮ ಮಾತ್ರ ವಿಷಯ ತಿಳಿದ ದಿನ ಸೊಸೆಯ ಜೊತೆ ಮಾತು ಬಿಟ್ಟಳು. ಹಲವು ದಿನ ತಟ್ಟೆ ನೆಲಕ್ಕೆ ಕುಕ್ಕಿ ಇಟ್ಟಳು. ಆಮೇಲೊಂದು ಬೆಳಿಗ್ಗೆ ತಾನೇ ಬಂದು ಸೊಸೆಯ ತಲೆಗೆ ಎಣ್ಣೆ ಹಚ್ಚುತ್ತ, "ನನ್ನ ಮಗ ಹೋದಾಗ ನಾನೂ ನನ್ನ ಹಾಲಿಗೇ ನಂಜು ಐತಿ ಅಂದ್ಕೊಂಡಿದ್ದೆ. ಹುಲಿಗೇಶಗ ಎಷ್ಟೋ ದಿನ ಹೆದರಿ ಹೆದರಿ ಕುಡಿಸೀನಿ," ಎಂದಳು. ಅಷ್ಟು ಹೇಳಿ ಎದ್ದುಹೋದಳು.

ಮಗು ಉಳಿದದ್ದಕ್ಕೆ ಹರಕೆ ತೀರಿಸಬೇಕೆಂದು ಗಾಳೆಮ್ಮ ಎಲ್ಲರನ್ನೂ ಹಂಪಿಗೆ ಹೊರಡಿಸಿದಳು. ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ಬಂದರು. ಪಂಪಾದೇವಿಗೆ ಉಡಿ ತುಂಬಿ ಹೊರಗೆ ಬಂದು ನೆರಳಿಗೆ ಕೂತರು. ಪಂಪಿ ತನ್ನ ಟಿಪ್ಪರನ್ನು ಬಿಟ್ಟು ಬಂದಿರಲಿಲ್ಲ. ಪ್ರಸಾದದ ಬಾಳೆಹಣ್ಣನ್ನು ಅದರ ತೊಟ್ಟಿಗೆ ತುಂಬಿ ಕಲ್ಲುಹಾಸಿನ ಮೇಲೆ ತಳ್ಳುತ್ತಿದ್ದಳು. ಮಂಟಪದ ಮೇಲೆ ಕೋತಿಗಳ ಹಿಂಡು. ಹೇಮಾವತಿಗೆ ಡಾಕ್ಟರ ಮಾತು ನೆನಪಾಯಿತು. ಯಾವುದು ಗಂಡು, ಯಾವುದು ಹೆಣ್ಣು ಎಂದು ಕುತೂಹಲದಿಂದ ನೋಡತೊಡಗಿದಳು.

ಹೊಟ್ಟೆಗೆ ಮರಿ ಕಚ್ಚಿಸಿಕೊಂಡಿದ್ದ ಒಂದು ಕೋತಿ ಸರಸರ ಇಳಿದು ಬಂದು ಹಣ್ಣಿನ ಸಮೇತ ಟಿಪ್ಪರನ್ನು ಎತ್ತಿಕೊಂಡು ಗೋಡೆ ಹತ್ತಿತು. ಪಂಪಿ ಕಿರುಚಿದಳು. ಕೋತಿ ಹಣ್ಣು ತಿಂದು ಮುಗಿಸಿತು. ಟಿಪ್ಪರನ್ನು ಬಿಸಾಡಲಿಲ್ಲ. ಒಂದು ಗಾಲಿಯನ್ನು ಬೆರಳಿನಿಂದ ತಿರುಗಿಸಿತು, ಮೂಸಿತು, ಕಡಿಯಿತು, ಕಂಕುಳಲ್ಲಿ ಇರುಕಿಕೊಂಡು ಕೂತಿತು. ಅದರ ಮರಿಯೂ ಕೈ ಚಾಚಿ ಗಾಲಿ ಮುಟ್ಟಿತು.

"ಹೆಣ್ಣು ಕೋತಿ ಅಲ್ಲೇನ್ರಿ ಅದು?" ಎಂದಳು ಹೇಮಾವತಿ.

"ಮರಿ ಐತಲ್ಲ, ಮತ್ತೇನು," ಎಂದ ಹುಲಿಗೇಶ, ಕಲ್ಲು ಹುಡುಕುತ್ತ.

"ಹಣ್ಣಿಗೆ ಬಂತೋ, ಗಾಡಿಗೆ ಬಂತೋ?"

"ಅದನ್ನೇ ಕೇಳು ಹೋಗು," ಎಂದ ಅವನು. ಗಂಡ ಹೆಂಡತಿ ಇಬ್ಬರಿಗೂ ನಗು ಬಂತು. ಆಸ್ಪತ್ರೆಯಿಂದ ಬಂದ ಮೇಲೆ ಇಬ್ಬರೂ ಸೇರಿ ನಕ್ಕದ್ದು ಅದೇ ಮೊದಲು. ಸ್ವಲ್ಪ ಹೊತ್ತಿನಲ್ಲಿ ಕೋತಿಗೂ ಬೇಸರವಾಗಿ ಟಿಪ್ಪರು ದಡ್ ಎಂದು ಕೆಳಗೆ ಬಿತ್ತು. ಒಂದು ಗಾಲಿ ಸೊಟ್ಟಗಾಗಿತ್ತು. ಪಂಪಿ ಅದನ್ನು ಎದೆಗೆ ಒತ್ತಿಕೊಂಡು "ಏನೂ ಆಗಿಲ್ಲ, ಏನೂ ಆಗಿಲ್ಲ" ಎಂದು ತಟ್ಟಿದಳು. ಹೇಮಾವತಿ ಅದನ್ನೂ ನೋಡಿದಳು.

ಆ ಬೇಸಿಗೆಯ ಕೊನೆಗೆ ಪಂಪಿಯನ್ನು ಶಾಲೆಗೆ ಹಾಕುವುದೆಂದಾಯಿತು. ಬಟ್ಟೆ, ಚೀಲ ತರಲು ತಾಯಿ ಮಗಳು, ಗಾಳೆಮ್ಮ ಮೂವರೂ ಸಂಡೂರಿನ ಸಂತೆಗೆ ಹೋದರು. ಚೀಲದ ಮೇಲೆ ಜೆಸಿಬಿಯ ಚಿತ್ರವಿರಬೇಕು ಎಂದು ಪಂಪಿ ಹಟ ಹಿಡಿದಳು. ಹೇಮಾವತಿ ಅಂಗಡಿಯವನಿಗೆ ತಾನೇ "ಜೆಸಿಬಿ ಇರೂದು ತೋರಿಸ್ರಿ" ಎಂದಳು. ಹಾಗೆ ಹೇಳುವಾಗ ನಾಲಿಗೆ ತಡವರಿಸಲಿಲ್ಲ ಎಂದು ತನ್ನೊಳಗೇ ಮೆಚ್ಚಿಕೊಂಡಳು. ಚೀಲ ಕಟ್ಟಿಸಿಕೊಂಡು ಹೊರಟಾಗ ಮಗಳ ಕೈ ಜಾರಿತು. ತಿರುಗಿ ನೋಡಿದರೆ ಪಂಪಿ ಬಳೆಗಾರ್ತಿ ಹೊಳೆಮ್ಮನ ಎದುರು ಕುಕ್ಕರಗಾಲಲ್ಲಿ ಕೂತಿದ್ದಾಳೆ.

"ಅವ್ವಾ, ನನಗ ಬಳಿ."

ಹೇಮಾವತಿಗೆ ಕಿವಿಯನ್ನು ನಂಬಲಾಗಲಿಲ್ಲ. "ಯಾವ ಬಳಿ?"

"ಹಸರೂವು. ಗಾಜಿನ್ವು. ಸಪ್ಪಳ ಬರ್ತಾವಲ್ಲ, ಅವು."

ಹೊಳೆಮ್ಮ ಮಗುವಿನ ಕೈ ಹಿಡಿದು ಬೆರಳು ಕೂಡಿಸಿ ಒತ್ತಿ ಅಳತೆ ನೋಡಿದಳು. "ಗಟ್ಟಿ ಕೈ ಐತವ್ವ ನಿನ್ನ ಮಗಳದು," ಎಂದಳು. ಹೇಮಾವತಿಗೆ ಸಂತೋಷ ಉಕ್ಕಿ ಬಂತು. ಕಣ್ಣು ತುಂಬಿತು. ಮರುಗಳಿಗೆಯೇ ತನಗೆ ತಾನೇ ನಾಚಿದಳು. ಜೆಸಿಬಿ ಕೇಳಿದಾಗ ಬಾರದ ಸಂತೋಷ ಬಳೆ ಕೇಳಿದಾಗ ಯಾಕೆ ಬರಬೇಕು? ಮಗಳು ಬೇರೆಯವಳಾದಳೇ? ಇದು ಮಾತ್ರೆ ಪೂರ್ತಿ ಕೊಟ್ಟದ್ದಕ್ಕೆ ಬಂದ ಆಸೆಯೋ, ಓಣಿಯ ಹುಡುಗಿಯರ ಕೈ ನೋಡಿ ಬಂದದ್ದೋ, ಬರೀ ಸಪ್ಪಳದ ಆಸೆಯೋ? ಡಾಕ್ಟರಿಗೆ ಫೋನ್ ಮಾಡಿ ಕೇಳಲೇ ಎಂದುಕೊಂಡಳು. ಅವರು ಏನು ಹೇಳುತ್ತಾರೆಂದು ಗೊತ್ತೇ ಇತ್ತು.

"ಅತ್ತೀ, ಇದಕ್ಕೇನಂತೀರಿ?" ಎಂದು ಗಾಳೆಮ್ಮನನ್ನು ಕೇಳಿದಳು.

ಗಾಳೆಮ್ಮ ಸೊಸೆಯ ಮುಖವನ್ನು ನೋಡಿದಳು, ಮೊಮ್ಮಗಳ ಮುಖವನ್ನೂ ನೋಡಿದಳು. "ಏನನ್ಲಿ? ಹಾಕ್ಸು. ಬಿಸಲು ಏರಾಕತ್ತೇತಿ, ಬಸ್ಸು ತಪ್ತದ," ಎಂದಳು.

ಹೊಳೆಮ್ಮ ಒಂದೊಂದಾಗಿ ಬಳೆ ಏರಿಸತೊಡಗಿದಳು. ಪಂಪಿ ನೋವಿಗೆ ಹಲ್ಲು ಕಚ್ಚಿಕೊಂಡು, ಇನ್ನೊಂದು ಕೈಯಿಂದ ಅವ್ವನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.